ಅಮ್ಮ ಕೇಳಿಸಿಕೊಂಡ ಮಾತು

ಗಾಜಿನಾಚೆ ಅಮ್ಮನ ಹೆಬ್ಬೆರಳು ಅಲುಗಲೇ ಇಲ್ಲ, ಸದ್ದು ಅವಳ ಕಿವಿಗೆ ಹೋಗಿರಬೇಕು, ಕಿವಿ ಪರೀಕ್ಷೆಯ ಹುಡುಗಿ ಗುಂಡಿ ತಿರುಗಿಸಿ ನನ್ನತ್ತ ನೋಡುತ್ತಾಳೆ, ಅಮ್ಮ ಮಾತ್ರ ಆ ದಪ್ಪ ಹೆಡ್‌ಫೋನ್ ಏರಿಸಿಕೊಂಡು, ಕೈಯಲ್ಲಿ ಸದ್ದು ಕೇಳಿಸಿದರೆ ಒತ್ತುವ ಸ್ವಿಚ್ಚು ಹಿಡಿದು, ಬೆನ್ನು ನೆಟ್ಟಗೆ — ಆ ಬೆನ್ನು ಕುರ್ಚಿಗೆ ಒರಗಿದ್ದನ್ನು ನಾನು ಕಂಡದ್ದೇ ಕಡಿಮೆ, ನ್ಯಾಯಪೀಠದಲ್ಲೂ ಹಾಗೇ, ಊಟದ ಮೇಜಿನಲ್ಲೂ ಹಾಗೇ — ಎಲ್ರೂ ಅಂದಾಜಲ್ಲಿ ಒತ್ತಿಬಿಡ್ತಾರೆ ಮೇಡಂ, ಇವರು ಒತ್ತೋದೇ ಇಲ್ವಲ್ಲ, ಎನ್ನುತ್ತಾಳೆ ಹುಡುಗಿ, ನನಗೆ ನಗು ಬರುತ್ತದೆ, ಅನುಮಾನ ಉಳಿದರೆ ಆರೋಪಿಯನ್ನೇ ಬಿಟ್ಟು ಕಳಿಸುತ್ತಿದ್ದವಳು ಇವಳು, ಈಗ ತನ್ನ ಕಿವಿಗೆ ಅಂದಾಜಿನ ವಿನಾಯಿತಿ ಕೊಟ್ಟಾಳೆಯೇ. ಇಲ್ಲಿಗೆ ಬಂದದ್ದೂ ಅದಕ್ಕೇ, ಸೇತುವೆ ಕುಸಿದು ಜನ ಸತ್ತರಲ್ಲ, ಅದರ ವಿಚಾರಣೆಗೆ ನೀವೇ ಅಧ್ಯಕ್ಷರಾಗ್ಬೇಕು, ನೀವಿದ್ರೆ ಜನ ನಂಬ್ತಾರೆ ಅಂತ ನಿವೃತ್ತಳಾದ ಅಮ್ಮನಿಗೆ ಸರ್ಕಾರದ ಕಾರ್ಯದರ್ಶಿಯ ಫೋನು, ಮೊದಲು ಕಿವಿ ತೋರಿಸ್ಕೊಂಡು ಬರ್ತೀನಿ, ಆಮೇಲೆ ಹೇಳ್ತೀನಿ ಎಂದಳು ಅಮ್ಮ, ಅಯ್ಯೋ ಎಲ್ಲಾ ಬರೆದು ಕೊಡ್ತಾರಮ್ಮಾ, ಓದಿದ್ರೆ ಸಾಕು ಅಂದೆ ನಾನು, ಕಷ್ಟ ಹೇಳ್ಕೊಳ್ಳೋಕೆ ಬರೋರು ಕಾಗದ ಆಗಿ ಬರಲ್ಲ ಕಣೆ ಎಂದಳು, ಅವಳೆದುರು ವಾದ ಮಾಡಿ ಗೆದ್ದವರನ್ನು ನಾನಂತೂ ಕಾಣೆ.

ಆಮೆ, ಅಂತ ಅಮ್ಮನಿಗೆ ಅಡ್ಡಹೆಸರಿಟ್ಟಿದ್ದರು ವಕೀಲರು, ಇವತ್ತು ಆಮೆ ಮುಂದೆ ಕೇಸಿದೆ, ಬುತ್ತಿ ಕಟ್ಟಿಸ್ಕೊಂಡು ಹೋಗಿ ಎಂದು ನಗುತ್ತಿದ್ದರು, ಕೊನೆಗೆ ಆ ಆಮೆಯೇ ದೊಡ್ಡ ಕೋರ್ಟಿನ ಹಿರಿಯ ಪೀಠದಲ್ಲಿ ಕೂತಾಗ ಅವರೇ ಹಾರ ಹಿಡಿದು ಸಾಲಾಗಿ ನಿಂತರು, ಚಿಕ್ಕವಳಿದ್ದಾಗ ಮನೆಯಲ್ಲಿ ನನಗೆ ಮಾತ್ರ ಮುನಿಸು, ಸಂಜೆ ನಾನು ಏನು ಹೇಳಲು ಹೋದರೂ ಅರ್ಧಕ್ಕೆ ಕಣ್ಣು ಮುಚ್ಚುತ್ತಿದ್ದಳು, ಅವಳ ಕಿವಿ ತುಂಬಿ ಹೋಗಿರುತ್ತೆ ಪುಟ್ಟೀ, ನಾಳೆ ಹೇಳು ಎನ್ನುತ್ತಿದ್ದ ಅಪ್ಪ, ನಾನು ಮುಖ ಊದಿಸಿಕೊಂಡು ಮಲಗಿದರೆ ಬೆಳಿಗ್ಗೆ ತಲೆ ಬಾಚುತ್ತಾ ಅವಳೇ ಕೇಳುವಳು, ಆ ಗೆಳತಿ ವಿಷಯ ಎಲ್ಲಿಗೆ ನಿಲ್ಲಿಸಿದ್ದೆ, ನಿಂತ ಪದವೂ ನೆನಪಿರುತ್ತಿತ್ತು ಅವಳಿಗೆ.

ಈಗ ಹುಡುಗಿ ಮೈಕಿನಲ್ಲಿ ಪದಗಳನ್ನು ಹೇಳುತ್ತಾಳೆ, ಕೇಳಿಸಿದ್ದನ್ನು ತಿರುಗಿ ಹೇಳಬೇಕು, ಮರ, ಮರ ಎನ್ನುತ್ತಾಳೆ ಅಮ್ಮ, ಬಾಗಿಲು — ಅಮ್ಮ ತಲೆಯಾಡಿಸುತ್ತಾಳೆ, ಇಲ್ಲ, ಕೇಳಿಸಲಿಲ್ಲ — ಬಾಗಿಲು ಅಂತಮ್ಮಾ, ನನ್ನ ನಾಲಿಗೆ ತುದಿಯಲ್ಲೇ ಇದೆ, ನುಂಗಿಕೊಳ್ಳುತ್ತೇನೆ, ಇನ್ನೊಬ್ಬರ ಬಾಯಿಗೆ ಮಾತು ತುರುಕಬಾರದು, ಇದನ್ನು ಕಲಿತದ್ದು ಅವಳ ಕೋರ್ಟಿನ ಕೊನೆಯ ಬೆಂಚಿನಲ್ಲಿ. ಆಗಿನ್ನೂ ಜಿಲ್ಲಾ ನ್ಯಾಯಾಧೀಶೆ ಅವಳು, ನಾನು ಕಾಲೇಜು ಮುಗಿಸಿಕೊಂಡು ಅವಳೊಡನೆ ಮನೆಗೆ ಹೋಗೋಣವೆಂದು ಕಾಯುತ್ತಿದ್ದೆ, ಉಗ್ರಾಣಕ್ಕೆ ಬೆಂಕಿ ಬಿದ್ದು ಒಳಗೆ ಮಲಗಿದ್ದ ಕೂಲಿಯವನೊಬ್ಬ ಸತ್ತಿದ್ದ, ಹಚ್ಚಿದ್ದು ಇವನೇ ಎಂದು ಮಾಲೀಕ ಬೆರಳು ತೋರಿಸಿದ್ದು ಕಾವಲುಗಾರನತ್ತ, ಕಾವಲುಗಾರನಿಗೋ ಉಗ್ಗು, ಎಂಥಾ ಉಗ್ಗೆಂದರೆ ಕತ್ತಿನ ನರ ಉಬ್ಬಿ ಕಣ್ಣಲ್ಲಿ ನೀರು ಬಂದರೂ ಪದ ಬಾರದು, ನಿಮಗೇನಾದರೂ ಹೇಳೋದಿದೆಯಾ ಎಂದಳು ಅಮ್ಮ, ಬ, ಬ, ಬ — ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಅವನ ವಕೀಲರೇ ಎದ್ದು ಹೇಳೋದೇನೂ ಇಲ್ಲ ಮೇಡಂ, ಮುಂದಕ್ಕೆ ಹೋಗೋಣ ಎಂದರು, ಹೇಳೋದಿದೆ ವಕೀಲರೇ, ನಿಮಗೆ ಕಾಯೋಕೆ ಆಗ್ತಿಲ್ಲ ಅಷ್ಟೆ, ಕೂತ್ಕೊಳ್ಳಿ ಎಂದಳು ಅಮ್ಮ, ಸರ್ಕಾರಿ ವಕೀಲರು ಮೀಸೆಯಲ್ಲೇ ನಕ್ಕು, ಬೆಂಕಿ ಅಂತಿದ್ದಾನೆ ಮೇಡಂ, ಒಪ್ಪಿಕೊಳ್ತಾ ಇದ್ದಾನೆ ಎಂದರು, ಅವರ ಮಾತನ್ನ ಅವರೇ ಮುಗಿಸಲಿ ಎಂದಳು, ಪೆನ್ನು ಕೆಳಗಿಟ್ಟಳು, ಕಾದಳು, ಗೋಡೆ ಗಡಿಯಾರ ನೋಡಲಿಲ್ಲ, ಹುಬ್ಬು ಏರಿಸಲಿಲ್ಲ, ಕಡೆಗೆ ಬಂತು — ಬೀಗ. ಬೆಂಕಿಯಲ್ಲ, ಬೀಗ. ಬೀಗ ಹೊರಗಡೆಯಿಂದ ಹಾಕಿತ್ತು. ಸುಟ್ಟ ಬಾಗಿಲನ್ನೇ ಕೋರ್ಟಿಗೆ ತರಿಸಿದಳು ಅಮ್ಮ, ಹೊರಗಿನ ಚಿಲಕದಲ್ಲಿ ಬೀಗ ಕರಕಲಾಗಿ ಹಾಗೇ ಕೂತಿತ್ತು, ಇಬ್ಬರನ್ನೂ ಒಳಗೆ ಕೂಡಿಹಾಕಿ ಬೀಗ ಜಡಿದಿದ್ದವನು ಮಾಲೀಕ, ಇವನು ಅಂಗೈ ಕೊಯ್ದುಕೊಂಡು ಕಿಟಕಿ ಒಡೆದು ಬದುಕಿದ್ದ, ಬಿಡುಗಡೆಯಾದ, ಪ್ರಭಾವಿ ಮಾಲೀಕನ ಮೇಲೆ ಕೇಸಾಯಿತು, ಅದಕ್ಕೇ ಅಮ್ಮನಿಗೆ ಮೂಲೆಯ ಊರಿಗೆ ವರ್ಗವಾಯಿತು, ಅವಳು ಪೆಟ್ಟಿಗೆ ಕಟ್ಟಿದಳು.

ಡಾಕ್ಟರು ನನ್ನನ್ನು ನೋಡಿಕೊಂಡೇ ಮಾತಾಡುತ್ತಾರೆ, ಬಲಗಿವಿ ಹೋಗಿದೆ, ಎಡಕ್ಕೆ ಮಷೀನು ಹಾಕಿದ್ರೆ ಮನೆ ಮಾತಿಗೆ ತೊಂದರೆಯಿಲ್ಲ, ನನಗೇ ಹೇಳಿ ಡಾಕ್ಟ್ರೇ ಎನ್ನುತ್ತಾಳೆ ಅಮ್ಮ, ಜನ ತುಂಬಿದ ಹಾಲ್‌ನಲ್ಲಿ, ಅಳ್ತಾ ಮಾತಾಡೋರದ್ದು, ಕೇಳಿಸುತ್ತಾ, ಸ್ವಲ್ಪ ಅಂದಾಜು ಮಾಡ್ಕೋಬೇಕಾಗುತ್ತೆ ಅಮ್ಮಾ ಎನ್ನುತ್ತಾರೆ ಡಾಕ್ಟರು, ಹೌದಾ, ಸರಿ ಎಂದಷ್ಟೇ ಅಮ್ಮ, ಅಲ್ಲಿಯೇ ಫೋನು ಎಡಗಿವಿಗೆ ಒತ್ತಿ ಕಾರ್ಯದರ್ಶಿಗೆ, ನನ್ನಿಂದಾಗಲ್ಲ, ಚೆನ್ನಾಗಿ ಕಿವಿ ಕೇಳೋರನ್ನ ಕೂರಿಸಿ, ಅಲ್ಲಿಗೆ ಬರೋರು ಮಕ್ಕಳನ್ನ ಕಳ್ಕೊಂಡೋರು, ಎರಡು ಸಲ ಹೇಳಿಸ್ಬೇಡಿ ಅವರ ಕೈಲಿ — ಎಂಥವಳಮ್ಮಾ ನೀನು ಅನ್ನಬೇಕು, ಎಡಗಡೆ ಹೋಗಿ ನಿಂತು ಅನ್ನಬೇಕು, ನನಗೂ ಪದ ಬರುತ್ತಿಲ್ಲ, ಕಣ್ಣೆದುರು ಬರುವುದು ಅದೇ, ಕಟಕಟೆ ಹಿಡಿದ ಕಾವಲುಗಾರನ ಗಾಯದ ಅಂಗೈ, ತೆರೆದ ಬಾಯಿ, ಇಡೀ ಕೋರ್ಟು ಉಸಿರು ಹಿಡಿದಿದೆ, ಅಮ್ಮ ಪೆನ್ನು ಕೆಳಗಿಟ್ಟಿದ್ದಾಳೆ, ಆ ತೆರೆದ ಬಾಯಿ, ಅಮ್ಮ ಕಾಯುತ್ತಿದ್ದಾಳೆ, ಆ ತೆರೆದ ಬಾಯಿ —