ಕೊನೆಯ ಪುಟ ಮೊದಲು

ನಗುಮುಖದ ಸಿಸ್ಟರ್ ತನ್ನ ಸಂಶೋಧನಾ ಪ್ರಬಂಧದ ಕೊನೆಯ ಪುಟವನ್ನು ಮೊದಲು ಬರೆದಳು. ಅದರಲ್ಲಿ ತಪ್ಪೇನಿದೆ ಎಂದು ಆಗ ಅವಳಿಗೆ ಅನ್ನಿಸಲಿಲ್ಲ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, 'ಆದ್ದರಿಂದ ದಾದಿಯ ನಗುಮುಖದಿಂದ ರೋಗಿಯ ನೋವು ಇಳಿಯುತ್ತದೆ ಎಂಬುದು ಇಲ್ಲಿ ಸಾಬೀತಾಗಿದೆ' ಎಂದು ಒಂದೇ ಉಸಿರಿಗೆ ಟೈಪಿಸಿ, ತಾನೇ ಗಟ್ಟಿಯಾಗಿ ಓದಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡಳು. ಆಮೇಲೆ ಕೃತಜ್ಞತೆಯ ಪುಟಕ್ಕೆ ಕೈಹಾಕಿದಳು. ಅದಕ್ಕೆ ಉಪಸಂಹಾರಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು, ಏಕೆಂದರೆ ಅತ್ತೆ ಪಕ್ಕದಲ್ಲೇ ಕೂತಿದ್ದರು. ಅತ್ತೆಯ ಹೆಸರು ಗಂಡನ ಹೆಸರಿಗಿಂತ ಮೇಲೆ ಇರಬೇಕು ಎಂಬುದರಲ್ಲಿ ಎರಡು ಮಾತಿರಲಿಲ್ಲ. ಆದರೆ ಓರಗಿತ್ತಿಯನ್ನು ಸೇರಿಸಿದರೆ ನಾದಿನಿಯನ್ನು ಬಿಡುವಂತಿಲ್ಲ, ನಾದಿನಿಯನ್ನು ಸೇರಿಸಿ ಅವಳ ಗಂಡನನ್ನು ಬಿಟ್ಟರೆ ಅವನು ಮುಖ ಊದಿಸಿಕೊಳ್ಳುತ್ತಾನೆ. ಹೀಗೆ ಪ್ರಬಂಧ ಹುಟ್ಟುವ ಮೊದಲೇ ಅದಕ್ಕೊಂದು ದೊಡ್ಡ ಬಳಗ ಹುಟ್ಟಿಕೊಂಡಿತು.

ಅವಳ ಧೈರ್ಯಕ್ಕೆ ಕಾರಣವಿತ್ತು. ಅವಳು ಕೆಲಸ ಮಾಡುತ್ತಿದ್ದ ಮೂಳೆ ವಾರ್ಡಿನಲ್ಲಿ ಪ್ರತಿ ಪಾಳಿಯಲ್ಲೂ ನೋವು ಎಷ್ಟಿದೆ ಎಂದು ರೋಗಿಗಳನ್ನು ಕೇಳಿ, ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿಯನ್ನು ಮಂಚದ ತುದಿಗೆ ತೂಗುಹಾಕಿದ ಚಾರ್ಟಿನಲ್ಲಿ ಬರೆಯಬೇಕು. ಅಂಕಿ ಐದು ಮುಟ್ಟಿದರೆ ನೋವಿಗೆ ಇನ್ನೊಂದು ಮಾತ್ರೆ, ಇಲ್ಲದಿದ್ದರೆ ಇಲ್ಲ. ಅವಳ ಬೆಳಗಿನ ಪಾಳಿಯಲ್ಲಿ ಎಲ್ಲ ಚಾರ್ಟಿನಲ್ಲೂ ಒಂದು, ಎರಡು. ಸಂಜೆ ಪಾಳಿಯವಳು ಬಂದಳೋ, ಅದೇ ಜನ, ಅದೇ ಮಂಚ, ಅದೇ ಮುರಿದ ಕಾಲು, ಅಂಕಿ ಮಾತ್ರ ಆರು, ಏಳು. ಈ ಸಂಜೆ ಪಾಳಿಯವಳಿಗೆ ಆಸ್ಪತ್ರೆಯವರೆಲ್ಲ ಸೇರಿ ಗಂಟುಮೋರೆ ಎಂದು ಹೆಸರಿಟ್ಟಿದ್ದರು. ಆಕೆಗೆ ಹಲ್ಲಿವೆಯೋ ಇಲ್ಲವೋ ಎಂಬ ಅನುಮಾನ ದಂತ ವಿಭಾಗದವರಿಗೂ ಇತ್ತು.

ವರ್ಷಕ್ಕೊಮ್ಮೆ ನಡೆಯುವ ಸಂಶೋಧನಾ ದಿನದಲ್ಲಿ ಈ ಸಲ ದಾದಿಯರೂ ಪ್ರಬಂಧ ಓದಬಹುದು, ಒಳ್ಳೆಯದನ್ನು ಆರಿಸಿ ಹೊಸದಾಗಿ ಸೇರುವವರಿಗೆಲ್ಲ ಪಾಠ ಮಾಡಿಸುತ್ತೇವೆ ಎಂದು ಮೇಟ್ರನ್ ಹೇಳಿದಾಗ ನಗುಮುಖದ ಸಿಸ್ಟರಿಗೆ ಆಕಾಶಕ್ಕೆ ಮೂರೇ ಗೇಣು ಉಳಿಯಿತು. ಹಲ್ಲುನೋವಿದ್ದಾಗಲೂ ಅವಳು ನಗುತ್ತಲೇ ವಾರ್ಡಿಗೆ ಹೋಗಿದ್ದಳು. ಗಂಡನೊಂದಿಗೆ ಜಗಳವಾಡಿ ತಿಂಡಿ ಬಿಟ್ಟು ಬಂದ ದಿನವೂ ನಕ್ಕಿದ್ದಳು. ಪಾಪ, ಅವಳ ಸ್ವಭಾವವೇ ಹಾಗೆ ಎಂದು ಜನ ಅದನ್ನು ಪುಕ್ಕಟೆಯ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದರು. ಸ್ವಭಾವವಲ್ಲ, ಅದು ದುಡಿಮೆ. ಆ ದುಡಿಮೆಯಿಂದ ಯಾರಿಗಾದರೂ ಉಪಯೋಗವಾಗಿದೆ ಎಂದು ಒಮ್ಮೆ ತುಂಬಿದ ಸಭೆಯಲ್ಲಿ ಹೇಳಿಸಿಕೊಳ್ಳಬೇಕು ಎಂಬುದೇ ಅವಳ ಆಸೆ.

ಪ್ರಬಂಧಗಳನ್ನು ತಿದ್ದಿಕೊಡುವ ಹೊಣೆ ಅಂಕಿಅಂಶದ ಮೇಡಂ ಅವರದು. ಅವರ ಕೋಣೆ ಬಟ್ಟೆ ಒಗೆಯುವ ವಿಭಾಗದ ಪಕ್ಕದಲ್ಲಿತ್ತು. ಅಲ್ಲಿ ಸದಾ ಬಿಸಿ ಇಸ್ತ್ರಿಯ ವಾಸನೆ, ಗೋಡೆಯಾಚೆ ಯಂತ್ರದ ಗುಡುಗುಡು. ಮೇಡಂ ಕನ್ನಡಕ ಏರಿಸಿ ಒಂದೊಂದೇ ಹಾಳೆ ತಿರುವಿದರು. ಶೀರ್ಷಿಕೆ ಆಗಲೇ ತೀರ್ಪು ಕೊಟ್ಟಿತ್ತು. ಸಾರಾಂಶ ಅದನ್ನು ಎತ್ತಿ ಹಿಡಿದಿತ್ತು, ಪೀಠಿಕೆ ತಲೆಯಾಡಿಸಿತ್ತು. ಹಿಂದಿನವರು ಮಾಡಿದ ಕೆಲಸದ ಸಮೀಕ್ಷೆಯಲ್ಲಿ ನಗುವನ್ನು ಹೊಗಳಿದವರಿಗೆ ಮಾತ್ರ ಪ್ರವೇಶ ಸಿಕ್ಕಿತ್ತು. ವಿಧಾನ ಎಂಬ ತಲೆಬರಹದ ಕೆಳಗೆ 'ನಗುತ್ತ ಕೇಳಲಾಯಿತು' ಎಂದಷ್ಟೇ ಇತ್ತು. ಫಲಿತಾಂಶ, ಚರ್ಚೆ, ಉಪಸಂಹಾರ ಮೂರೂ ಒಂದನ್ನೊಂದು ಅಭಿನಂದಿಸುತ್ತಿದ್ದವು. ಕೃತಜ್ಞತೆಯನ್ನು ಮೇಡಂ ಪೂರ್ತಿ ಓದಿ, ದೊಡ್ಡ ಕುಟುಂಬ ಎಂದರು.

"ಎಲ್ಲಾ ಇದೆ ಸಿಸ್ಟರ್. ಪ್ರಶ್ನೆ ಎಲ್ಲಿ?"

ಅವಳು ಬೆರಳಿಟ್ಟು ತೋರಿಸಿದಳು. ದಾದಿಯ ನಗು ರೋಗಿಗೆ ಎಷ್ಟು ಉಪಕಾರಿ, ಇದೇ ಪ್ರಶ್ನೆ. ಮೇಡಂ ತಲೆ ಅಲ್ಲಾಡಿಸಿದರು. ಉಪಕಾರ ಆಗಿದೆ ಎಂದು ಮೊದಲೇ ಒಪ್ಪಿಕೊಂಡು, ಬರೀ ತೂಕ ಕೇಳುತ್ತಿದ್ದೀರಿ ಎಂದರು. ಆಮೇಲೆ ಹಾಳೆಗಳನ್ನು ಮೇಜಿನ ಮೇಲೆ ಕುಟ್ಟಿ ಸರಿಮಾಡುತ್ತ ಕೇಳಿದರು, "ಯಾವ ಉತ್ತರ ಬಂದ್ರೆ ನಿಮಗೆ ಬೇಜಾರಾಗುತ್ತೆ ಹೇಳಿ."

ಅಂಥ ಉತ್ತರ ಬರುವುದಿಲ್ಲವಲ್ಲ ಎಂದಳು ಸಿಸ್ಟರ್.

"ಬರೋದಕ್ಕೆ ನೀವು ಬಾಗಿಲೇ ಇಟ್ಟಿಲ್ಲ, ಹೇಗೆ ಬರುತ್ತೆ? ಬಾಗಿಲು ಇದ್ರೆ ಅದು ಪ್ರಶ್ನೆ. ಇದು ನಿಮ್ಮ ಆಸೆ. ಆಸೆ ಪಡೋದು ತಪ್ಪಲ್ಲ, ಆದ್ರೆ ಅದಕ್ಕೆ ಪ್ರಬಂಧ ಯಾಕೆ?"

ಸಿಸ್ಟರಿಗೆ ಮೈಯೆಲ್ಲ ಉರಿಯಿತು. ಉರಿದುಕೊಂಡೇ ನಕ್ಕು, ಥ್ಯಾಂಕ್ಸ್ ಹೇಳಿ ಹೊರಗೆ ಬಂದಳು. ಮಾರನೇ ದಿನ ಹೊಸ ಪ್ರಶ್ನೆ ಒಯ್ದಳು: ಗಂಟುಮೋರೆಯವರು ಬಂದರೆ ನೋವು ಏಕೆ ಹೆಚ್ಚಾಗುತ್ತದೆ? ಇದು ಪ್ರಶ್ನೆಯಲ್ಲ, ಚಾಡಿ ಎಂದರು ಮೇಡಂ. ಅದರ ಮಾರನೇ ದಿನ, ನೋವು ಎಂದರೇನು? ಇದಕ್ಕೆ ಇನ್ನೊಂದು ಜನ್ಮ ಬೇಕು, ಸಂಶೋಧನಾ ದಿನ ಮುಂದಿನ ತಿಂಗಳೇ ಇದೆ ಎಂಬ ಉತ್ತರ ಬಂತು. ಮನೆಯಲ್ಲಿ ಅತ್ತೆ ತರಕಾರಿ ಹೆಚ್ಚುತ್ತ, ಆ ಮೇಡಂ ಮಕ್ಕಳು ಶಾಲೆಯಿಂದ ಬಂದು ಊಟ ಹಾಕು ಅಂದರೆ ಯಾವ ಊಟ, ಎಷ್ಟು ಹಸಿವೆ, ಹಸಿವೆ ಅಂತ ಹೇಗೆ ಗೊತ್ತು ಎಂದು ಕೇಳುತ್ತಾಳೇನೋ ಎಂದು ಮೂಗು ಮುರಿದರು. ಆದರೆ ಸಿಸ್ಟರ್ ಹಟಮಾರಿ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಬ್ಯಾಂಡೇಜು ಸುತ್ತುವಾಗ ಅದನ್ನೇ ಅರೆದಳು. ಕೊನೆಗೆ ಒಂದು ಚೀಟಿಯಲ್ಲಿ ಬರೆದುಕೊಂಡು ಹೋದಳು: 'ಕೇಳುವವರು ಬದಲಾದರೆ ಒಬ್ಬನೇ ರೋಗಿ ಹೇಳುವ ಅಂಕಿ ಬದಲಾಗುತ್ತದೆಯೇ? ಬದಲಾದರೆ, ಯಾವ ಅಂಕಿ ನಿಜಕ್ಕೆ ಹತ್ತಿರ?'

ಮೇಡಂ ಎರಡು ಸಲ ಓದಿ, ಡಬ್ಬಿಯಿಂದ ಬಿಸ್ಕತ್ತು ತೆಗೆದು ಕೊಟ್ಟರು. ಅವರ ಕೋಣೆಯಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ.

ವಿಧಾನವನ್ನು ಇಬ್ಬರೂ ಸೇರಿ ಹೆಣೆದರು. ಒಂದು ವಾರ, ಪ್ರತಿ ಪಾಳಿಯಲ್ಲೂ ದಾದಿ ಎಂದಿನಂತೆ ಕೇಳಿ ಬರೆದುಕೊಳ್ಳುವುದು. ದಾದಿ ಅತ್ತ ಹೋದ ಮೇಲೆ, ಮಾತ್ರೆ ಕೊಡುವುದಕ್ಕೆ ಮುಂಚೆ, ಯಾರೂ ಕೇಳದೆ, ರೋಗಿಯೇ ಒಂದು ಚೀಟಿಯಲ್ಲಿ ತನ್ನ ಅಂಕಿ ಗುರುತು ಮಾಡಿ ಮುಚ್ಚಿದ ಪೆಟ್ಟಿಗೆಗೆ ಹಾಕುವುದು. ಪೆಟ್ಟಿಗೆ ತೆಗೆಯುವವರು ಮೇಡಂ ಮಾತ್ರ. ರೋಗಿಗಳೆಲ್ಲ ಖುಷಿಯಿಂದ ಒಪ್ಪಿದರು. ವಾರ್ಡಿನಲ್ಲಿ ಮಲಗಿ ಮಲಗಿ ಬೇಸತ್ತವರಿಗೆ ಏನೋ ಒಂದು ಕೆಲಸ ಸಿಕ್ಕಿತ್ತು. ಗಂಟುಮೋರೆಯನ್ನು ಒಪ್ಪಿಸಲು ಸಿಸ್ಟರ್ ಉದ್ದದ ಭಾಷಣವನ್ನೇ ತಯಾರಿ ಮಾಡಿಕೊಂಡು ಹೋಗಿದ್ದಳು. ಆಕೆ ಮೊದಲ ವಾಕ್ಯಕ್ಕೇ 'ಸರಿ' ಎಂದು ಹೇಳಿ ಥರ್ಮಾಮೀಟರ್ ಒರೆಸತೊಡಗಿದಳು. ಉಳಿದ ಭಾಷಣ ಸಿಸ್ಟರಿನ ಗಂಟಲಲ್ಲೇ ಉಳಿಯಿತು.

ವಾರ ಮುಗಿದು, ಪೆಟ್ಟಿಗೆ ತೆಗೆದು, ಮೇಡಂ ಲೆಕ್ಕ ಮಾಡಿ ಕರೆದಾಗ ಅವಳು ಸ್ಟಾಫ್ ರೂಮಿನ ಕನ್ನಡಿಯಲ್ಲಿ ಒಮ್ಮೆ ಮುಖ ನೋಡಿಕೊಂಡೇ ಹೋದಳು. ಮೇಜಿನ ಮೇಲೆ ಒಂದೇ ಹಾಳೆ. ಸಂಜೆ ಪಾಳಿಯಲ್ಲಿ ಗಂಟುಮೋರೆ ಬರೆದ ಅಂಕಿಗೂ ಚೀಟಿಯ ಅಂಕಿಗೂ ಹೆಚ್ಚುಕಡಿಮೆ ವ್ಯತ್ಯಾಸವೇ ಇರಲಿಲ್ಲ. ಬೆಳಗಿನ ಪಾಳಿಯಲ್ಲಿ ಸಿಸ್ಟರ್ ಎರಡು ಎಂದು ಬರೆದ ಕಡೆ ಚೀಟಿಯಲ್ಲಿ ಆರು ಇತ್ತು, ಏಳು ಇತ್ತು. ಮೂಲೆಯ ಮಂಚದ ಟೈಲರ್ ತಾತನ ಚೀಟಿಯಲ್ಲಂತೂ ಎಂಟು.

ಅವಳು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಕೂಡಿಸುವುದರಲ್ಲಿ ತಪ್ಪಾಗಿರಬೇಕು ಎಂದಳು. ಮೇಡಂ ಚೀಟಿಗಳನ್ನೇ ಮುಂದೆ ಸುರಿದರು. ಅವಳು ಒಂದೊಂದನ್ನೂ ತಿರುಗಿಸಿ ನೋಡಿದಳು, ಆರನ್ನು ತಲೆಕೆಳಗಾಗಿ ಹಿಡಿದೂ ನೋಡಿದಳು, ಅದು ಒಂಬತ್ತಾಯಿತೇ ಹೊರತು ಎರಡಾಗಲಿಲ್ಲ.

ಆ ಸಂಜೆ ಮನೆಯಲ್ಲಿ ಎಲ್ಲರೂ ಅವಳ ಪರವಾಗಿದ್ದರು. ಗಂಡ ಕಪಾಟು ಮಾಡುವ ಬಡಗಿ, ಸದಾ ಅಳತೆಯ ಮಾತಾಡುವವನು. ಅವನೇ ಆ ಪೆಟ್ಟಿಗೆಯ ವಿಷಯ ಬಿಟ್ಟು ಬರಿ, ಚಾರ್ಟಿನ ಅಂಕಿಗಳು ಸುಳ್ಳಲ್ಲವಲ್ಲ ಎಂದ. ಅತ್ತೆ, ನನ್ನ ಸೊಸೆ ಪುಸ್ತಕ ಬರೆಯುತ್ತಿದ್ದಾಳೆ ಎಂದು ಬೀದಿಗೆಲ್ಲ ಹೇಳಿಯಾಗಿದೆ ಎಂದು ನೆನಪಿಸಿದರು. ಬಿಟ್ಟು ಬರೆಯಬಹುದಿತ್ತು. ಅವಳಾಗಲೇ ಬರೆದಿಟ್ಟ ಕೊನೆಯ ಪುಟ ಹಾಗೇ ಉಳಿಯುತ್ತಿತ್ತು, ಮೇಡಂ ಸಿಡುಕಿ, ಅದರಲ್ಲಿ ನನ್ನ ಹೆಸರು ಹಾಕಬೇಡಿ ಎನ್ನುತ್ತಿದ್ದರು ಅಷ್ಟೆ. ಹಾಗೆ ಮಾಡೋಣವೆಂದು ಅವಳಿಗೆ ನಿಜಕ್ಕೂ ಆಸೆಯಾಯಿತು.

ಮರುದಿನ ಬೆಳಿಗ್ಗೆ ಅವಳು ಟೈಲರ್ ತಾತನ ಮಂಚದ ಬಳಿ ಸ್ಟೂಲು ಎಳೆದುಕೊಂಡು ಕೂತಳು. ಸೊಂಟದ ಮೂಳೆ ಮುರಿದುಕೊಂಡು ಬಂದ ಮುದುಕರು. ಅವಳ ಸಮವಸ್ತ್ರದ ಹೊಲಿಗೆ ಸರಿಯಿಲ್ಲ ಎಂದು ದಿನಾ ಗೊಣಗುವವರು. ಪ್ರತಿ ದಿನ ಅವಳು ಬಾಗಿಲಿನಿಂದಲೇ, 'ಇವತ್ತು ನೋವು ಓಡಿಹೋಗಿರಬೇಕಲ್ಲ ತಾತ?' ಎನ್ನುತ್ತಿದ್ದಳು. ಇವತ್ತು ಮೆಲ್ಲಗೆ ಕೇಳಿದಳು.

"ತಾತ, ನನಗೆ ಎರಡು ಅಂತ ಹೇಳಿ ಚೀಟಿಯಲ್ಲಿ ಎಂಟು ಹಾಕಿದ್ರಲ್ಲ, ಯಾಕೆ?"

ತಾತ ಸಿಕ್ಕಿಬಿದ್ದ ಹುಡುಗನ ಹಾಗೆ ಹೊದಿಕೆಯ ಅಂಚು ಸರಿಮಾಡಿದರು. "ನೀನು ಅಷ್ಟು ನಗ್ತಾ ಬರ್ತೀಯಲ್ಲಮ್ಮ. ನೋವು ಅಂತ ಹೇಳಿ ನಿನ್ನ ಮುಖ ಬಾಡಿಸೋಕೆ ಮನಸ್ಸು ಬರ್ಲಿಲ್ಲ. ಇಲ್ಲಿ ಎಲ್ರೂ ಹಾಗೇ." ಆಮೇಲೆ, ಮಧ್ಯಾಹ್ನವೆಲ್ಲ ಹಲ್ಲು ಕಚ್ಚಿಕೊಂಡು ಗಡಿಯಾರ ನೋಡುತ್ತಿರುತ್ತೇನೆ, ಸಂಜೆಯ ಆ ಇನ್ನೊಬ್ಬ ಸಿಸ್ಟರ್ ಬಂದರೆ ಸಾಕು, ಜೀವ ಬಂದ ಹಾಗಾಗುತ್ತದೆ ಎಂದರು.

ಅವಳು ಎದ್ದು ಹೋಗಿ ಮಾತ್ರೆ ತಂದುಕೊಟ್ಟು, ಚಾರ್ಟಿನಲ್ಲಿ ಎಂಟು ಎಂದು ಬರೆದಳು. ಆಮೇಲೆ ಔಷಧದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಅವಳಿಗೆ ನಾಚಿಕೆಯಾಗಿತ್ತು. ಅವಳನ್ನು ನಗಿಸಿ ಇಡುವುದಕ್ಕಾಗಿ ಒಂದು ವಾರ್ಡು ಪೂರ್ತಿ ನೋವು ನುಂಗಿಕೊಂಡಿತ್ತು. ತಾತ ಹೇಳಿದ ಮೊದಲ ಮಾತನ್ನು ಅಂದೇ ಪ್ರಬಂಧದ ಚರ್ಚೆಯ ಭಾಗಕ್ಕೆ ಸೇರಿಸಿದಳು. ಎರಡನೆಯದನ್ನು ಸೇರಿಸಲಿಲ್ಲ. ಪ್ರಶ್ನೆಗೆ ಅದು ಸಂಬಂಧಿಸಿದ್ದಲ್ಲ ಎಂದು ತನಗೆ ತಾನೇ ಹೇಳಿಕೊಂಡಳು, ಆದರೆ ಅದು ಶುದ್ಧ ಹೊಟ್ಟೆಕಿಚ್ಚು ಎಂದು ಅವಳಿಗೂ ಗೊತ್ತಿತ್ತು.

ಸಂಶೋಧನಾ ದಿನ ಸಭಾಂಗಣ ತುಂಬಿತ್ತು. ಅತ್ತೆ ರೇಷ್ಮೆ ಸೀರೆಯುಟ್ಟು ಮೊದಲ ಸಾಲಿನಲ್ಲಿ, ವೈದ್ಯರಿಗೆ ಮೀಸಲಿಟ್ಟ ಕುರ್ಚಿಯಲ್ಲಿ ಕೂತಿದ್ದರು. ಎಬ್ಬಿಸುವ ಧೈರ್ಯ ಯಾರಿಗೂ ಆಗಲಿಲ್ಲ. ಸಿಸ್ಟರ್ ಪ್ರಶ್ನೆ ಓದಿದಳು, ವಿಧಾನ ಓದಿದಳು. ಫಲಿತಾಂಶಕ್ಕೆ ಬಂದಾಗ ಒಂದು ಗುಟುಕು ನೀರು ಕುಡಿದು ಮುಂದುವರಿಸಿದಳು. ಹೊಸದಾಗಿ ಬರೆದ ಕೊನೆಯ ಪುಟದಲ್ಲಿ, ನಗುತ್ತ ಕೇಳಿದ ದಾದಿಗೆ ರೋಗಿಗಳು ನಿಜ ಹೇಳಲಿಲ್ಲ, ಆ ದಾದಿ ನಾನೇ ಎಂದಿತ್ತು. ಅದನ್ನೂ ಓದಿದಳು. ಅತ್ತೆಗೆ ಅರ್ಧ ಮಾತ್ರ ಅರ್ಥವಾಗಿದ್ದರೂ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು.

ಹಾಗಾದರೆ ನಮ್ಮವರು ನಗುವುದನ್ನು ಬಿಡಬೇಕೇ ಎಂದು ಮೇಟ್ರನ್ ಕೇಳಿದರು. ಬಾಯಿ ತೆರೆದರೆ ಉತ್ತರ ಸಿದ್ಧವಿರುತ್ತಿದ್ದ ಸಿಸ್ಟರ್, ಗೊತ್ತಿಲ್ಲ ಮೇಡಂ, ಅದನ್ನು ನಾನಿನ್ನೂ ಸರಿಯಾಗಿ ಕೇಳಿ ನೋಡಿಲ್ಲ ಎಂದಳು. ಅಂಕಿಅಂಶದ ಮೇಡಂ ತಮ್ಮ ಕುರ್ಚಿಯಲ್ಲಿ ಬೀಗಿದ್ದು ವೇದಿಕೆಯವರೆಗೂ ಕಂಡಿತು. ಸಭೆ ಮುಗಿಯಿತೆಂದು ಜನ ಏಳುವುದರಲ್ಲಿದ್ದರು. ಆಗ ಹಿಂದಿನ ಸಾಲಿನಲ್ಲಿ ಗಂಟುಮೋರೆ ಕೈಯೆತ್ತಿ ನಿಂತಳು.

"ನನ್ನದೊಂದು ಪ್ರಶ್ನೆ. ಇಷ್ಟು ವರ್ಷ ಆಯ್ತು, ನನಗೋಸ್ಕರ ಯಾರೂ ಒಂದು ಸಣ್ಣ ಸುಳ್ಳು ಕೂಡ ಹೇಳಿಲ್ವಲ್ಲ, ಯಾಕೆ?"

ಎಲ್ಲರೂ ಗೊಳ್ಳೆಂದು ನಕ್ಕರು. ಗಂಟುಮೋರೆ ಮಾತ್ರ ತಮಾಷೆಗೆ ಕೇಳಿದಂತಿರಲಿಲ್ಲ. ಕೈಯಲ್ಲಿದ್ದ ಕಾರ್ಯಕ್ರಮದ ಹಾಳೆಯನ್ನು ಸಣ್ಣದಾಗಿ ಮಡಿಸುತ್ತ ಉತ್ತರಕ್ಕೆ ಕಾಯುತ್ತಿದ್ದಳು. ನಗು ತಾನಾಗಿಯೇ ಇಳಿಯಿತು.

ನಗುಮುಖದ ಸಿಸ್ಟರಿಗೆ ಆ ಕ್ಷಣ ಆಕೆಯ ಮೇಲಿದ್ದ ಕಿಚ್ಚೆಲ್ಲ ಎಲ್ಲಿ ಹೋಯಿತೋ. ಮೈಕು ಬಿಟ್ಟು, ವೇದಿಕೆ ಇಳಿದು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಕೊನೆಯ ಸಾಲಿನವರೆಗೂ ನಡೆದು ಹೋದಳು.

"ಟೈಲರ್ ತಾತ ಇನ್ನೊಂದು ಮಾತು ಹೇಳಿದ್ರು, ನಾನು ಬೇಕಂತಲೇ ಬರೀಲಿಲ್ಲ," ಎಂದಳು. "ಮಧ್ಯಾಹ್ನವೆಲ್ಲ ಗಡಿಯಾರ ನೋಡ್ತಾ ಇರ್ತಾರಂತೆ. ನೀವು ಬಂದ್ರೆ ಸಾಕು, ಜೀವ ಬಂದ ಹಾಗಾಗುತ್ತಂತೆ. ನನಗೆ ಸುಳ್ಳು ಹೇಳಿದ್ರು ನಿಜ. ಆದ್ರೆ ನನ್ನ ದಾರಿ ಯಾರೂ ಕಾಯ್ಲಿಲ್ಲ, ಎಲ್ಲಾ ಕಾಯ್ತಿದ್ದಿದ್ದು ನಿಮ್ಮನ್ನ."

ಗಂಟುಮೋರೆ ಮಡಿಸಿದ ಹಾಳೆಯನ್ನು ಬಿಚ್ಚಿದಳು, ಮತ್ತೆ ಮಡಿಸಿದಳು. ಮುಖದ ಗಂಟು ಹಾಗೆಯೇ ಇತ್ತು, ಕಣ್ಣು ಮಾತ್ರ ತುಂಬಿತ್ತು.

"ಇನ್ನೊಂದ್ಸಲ ಹೇಳಿ," ಎಂದಳು.

ಸಿಸ್ಟರ್ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತು, ತಾತ ಹೇಳಿದ್ದನ್ನು ಮೊದಲಿನಿಂದ ಹೇಳಿದಳು.