ಇಮಾಮ್‌ಬಾಡದಲ್ಲಿ ಕಳೆದುಹೋದ ಸೊಸೆ

ಲಖನೌ ನೋಡಲು ಬಂದವರನ್ನು ಊರು ಸುತ್ತಿಸುತ್ತಲೇ ಕಾಜಿಮ್ ಮಿಯಾನ ತಲೆ ನರೆತಿತ್ತು. ನವಾಬರ ಕಥೆಗೆ ಬಾಯಿ ಬಿಡುವವರು ಯಾರು, ಬರೀ ಫೋಟೋ ಗಿರಾಕಿಗಳು ಯಾರು ಎಂದು ಮುಖ ನೋಡಿಯೇ ಹೇಳಬಲ್ಲವನು ಅವನು. ಆದರೆ ಗೋಂಡಾದಿಂದ ಬಂದ ಈ ಮೂವರು ಬೆಳಗಿನಿಂದ ಬಗೆಹರಿದಿರಲಿಲ್ಲ. ಗಂಡ ಅವಧೇಶ್ ಬ್ರಿಟಿಷರ ಕಾಲದ ರೆಸಿಡೆನ್ಸಿಯ ಪಾಳು ಗೋಡೆಗಳ ಮುಂದೆ ನಿಂತು ತನ್ನ ಮುಖದ ಫೋಟೋವನ್ನೇ ತೆಗೆದುಕೊಂಡ. ಅವನ ತಾಯಿ ರಾಮ್‌ದುಲಾರಿ ನೆರಳು ಕಂಡಲ್ಲೆಲ್ಲ ಕೂತಳು. ಹೊಸ ಸೊಸೆ ಗರಿಮಾ ಮಾತ್ರ ಯಾವುದನ್ನೂ ನೋಡದೆ, ಇಮಾಮ್‌ಬಾಡಕ್ಕೆ ಯಾವಾಗ ಹೋಗುವುದು ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು.

"ಊರು ನೋಡ್ಬೇಕು, ಇವತ್ತೇ ನೋಡ್ಬೇಕು ಅಂತ ಇವಳದ್ದೇ ಹಟ," ಎಂದ ಅವಧೇಶ್. "ಈಗ ನೋಡಿದ್ರೆ ಓಡೋ ಆತುರ. ಹೆಂಗಸರು ನಿಮಗಾದ್ರೂ ಅರ್ಥ ಆಗ್ತಾರಾ ಮಿಯಾ?"

"ನನಗಿನ್ನೂ ನವಾಬರೇ ಅರ್ಥ ಆಗಿಲ್ಲ, ಭಾಯಿ ಸಾಹೇಬ್," ಎಂದು ಕಾಜಿಮ್ ನಕ್ಕ.

ನವಾಬರು ಮೊಹರಂ ಶೋಕಸಭೆಗೆಂದು ಕಟ್ಟಿಸಿದ ಇಮಾಮ್‌ಬಾಡದ ಮೇಲಂತಸ್ತಿನ ಕತ್ತಲ ಓಣಿಗಳ ಜಾಲಕ್ಕೆ ಭೂಲ್ ಭುಲಯ್ಯಾ ಎಂದು ಹೆಸರು. ಅದನ್ನು ಹೊಕ್ಕು ಹೋದರೆ ದೊಡ್ಡ ಸಭಾಂಗಣವನ್ನು ಸುತ್ತುವ ಮೊಗಸಾಲೆ. ಅಲ್ಲಿ ಕಾಜಿಮ್ ಎಲ್ಲರಿಗೂ ಒಂದು ತಮಾಷೆ ತೋರಿಸುತ್ತಿದ್ದ. ಒಬ್ಬರು ಆ ತುದಿಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಈ ತುದಿಯಲ್ಲಿ ಗೋಡೆಗೆ ಕಿವಿಯಿಟ್ಟವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಈ ಸಲ ಆ ತುದಿಗೆ ಹೋಗುತ್ತೇನೆಂದವಳು ಗರಿಮಾ.

ಅವಧೇಶ್ ಈಚೆಗೆ ಬೆನ್ನು ಹಾಕಿ ಕೆಳಗಿನ ಸಭಾಂಗಣವನ್ನು ಮೊಬೈಲಿನಲ್ಲಿ ತೆಗೆಯುತ್ತಿದ್ದ. ಕಾಜಿಮ್ ಗೋಡೆಗೆ ಕಿವಿ ಕೊಟ್ಟ.

"ಚಾಚಾ, ಇವತ್ತು ನನಗೆ ಟೀಚರ್ ಪರೀಕ್ಷೆ. ಇಲ್ಲೇ ಚೌಕದ ಶಾಲೇಲಿ. ಒಂದೂವರೆಗೆ ಗೇಟು ಹಾಕ್ತಾರೆ. ಮನೇಲಿ ಬೇಡ ಅಂದುಬಿಟ್ರು. ಮದುವೆಗೆ ಮುಂಚಿಂದ ಓದಿದೀನಿ ಚಾಚಾ. ಇಲ್ಲಿ ಜನ ಕಳೆದುಹೋಗ್ತಾರಂತಲ್ಲ, ನನ್ನನ್ನೂ ಕಳೆದುಬಿಡಿ."

ಕಾಜಿಮ್ ಬೆಚ್ಚಿ ಗೋಡೆಯಿಂದ ಕಿವಿ ತೆಗೆದ. ತಲೆಯೆತ್ತಿ ನೋಡಿದರೆ, ಪಕ್ಕದ ಕಮಾನಿನ ಮರೆಯಲ್ಲಿ ರಾಮ್‌ದುಲಾರಿಯೂ ಗೋಡೆಗೆ ಕಿವಿಯಿಟ್ಟು ನಿಂತಿದ್ದಾಳೆ! ಆ ತುದಿಯಿಂದ ಸೊಸೆಗೆ ಅತ್ತೆ ಕಂಡಿರಲಿಕ್ಕಿಲ್ಲ.

"ಏನಾದ್ರೂ ಕೇಳಿಸ್ತಾ, ಅಮ್ಮಾಜಿ?"

"ಈ ವಯಸ್ಸಿಗೆ ಏನು ಕೇಳಿಸುತ್ತಪ್ಪ," ಎಂದು ಮುದುಕಿ ಸೆರಗು ಸರಿಮಾಡಿಕೊಂಡಳು. ಅವನ ಮುಖ ನೋಡಲಿಲ್ಲ.

ಕೇಳಿಸಿದೆ. ಕೇಳಿಸದೆ ಇರಲು ಸಾಧ್ಯವೇ ಇಲ್ಲ. ಕಾಜಿಮ್‌ಗೆ ಆ ಹುಡುಗಿಯ ಮೇಲೆ ಸಿಟ್ಟೇ ಬಂತು. ಊರಲ್ಲಿ ಇಷ್ಟು ಜನರಿರುವಾಗ ಇವಳಿಗೆ ತನ್ನ ತಲೆಯೇ ಬೇಕಿತ್ತೇ? ಕಾಜಿಮ್ ಎಂಬ ಹೆಸರಿನವನು ಗೋಂಡಾದ ಮನೆಯೊಂದರ ಸೊಸೆಯನ್ನು ಮಾಯ ಮಾಡಿದ ಎಂದರೆ, ಈ ಕಾಲದಲ್ಲಿ ಗೈಡ್ ಲೈಸೆನ್ಸ್ ಹೋಗುವುದು ಚಿಕ್ಕ ಮಾತು. ತೆಪ್ಪಗೆ ಮೂವರನ್ನೂ ಕೆಳಗಿಳಿಸಿ ಕೈ ಮುಗಿದುಬಿಡಬೇಕು ಎಂದುಕೊಂಡ. ಅಷ್ಟರಲ್ಲಿ ಗರಿಮಾ ಬಂದಳು. ಅವಳು ಅವನನ್ನು ಇನ್ನೊಮ್ಮೆ ಬೇಡಿಕೊಳ್ಳಲಿಲ್ಲ. ಸುಮ್ಮನೆ ನೋಡಿದಳು, ಅಷ್ಟೇ.

"ಭಾಯಿ ಸಾಹೇಬ್," ಎಂದ ಕಾಜಿಮ್. ತನ್ನ ದನಿ ತನಗೇ ಬೇರೆಯವರದ್ದೆನಿಸಿತು. "ವಾಪಸ್ ದಾರಿ ನೀವೇ ಹುಡುಕಬೇಕು. ಗಂಡಸಾದವನು ಇಲ್ಲಿ ಗೆದ್ದು ತೋರಿಸ್ಬೇಕು, ನೋಡಿ."

"ಅಷ್ಟೇ ತಾನೆ?" ಅವಧೇಶ್ ಎದೆಯುಬ್ಬಿಸಿ ಮುಂದೆ ನುಗ್ಗಿದ.

ಒಬ್ಬರ ಹಿಂದೊಬ್ಬರು ಮಾತ್ರ ಹೋಗಬಹುದಾದ ಓಣಿ. ಸೊಸೆಯ ಮುಂಗೈಯನ್ನು ಅತ್ತೆ ಬಿಗಿಯಾಗಿ ಹಿಡಿದಿದ್ದಳು. ಹಿಂದೆ ಬರುತ್ತಿದ್ದ ಕಾಜಿಮ್‌ನ ಕಣ್ಣು ಆ ಹಿಡಿತದ ಮೇಲೇ ಇತ್ತು. ಕೆಳಗಿಳಿಯುವ ಮೆಟ್ಟಿಲಿನತ್ತ ಹೋಗುವ ತಿರುವು ಹತ್ತಿರವಾಯಿತು. ಮುದುಕಿ ಕೈ ಬಿಡಲಿಲ್ಲ. ಇನ್ನೇನು ತಿರುವು ದಾಟಬೇಕು, ಅಷ್ಟರಲ್ಲಿ ಅವಳು, "ಲಲ್ಲಾ, ಕಣ್ಣೇ ಕಾಣ್ತಿಲ್ಲ ಕಣೋ, ಕೈ ಕೊಡು," ಎಂದು ಕೂಗಿ ಎರಡೂ ಕೈಗಳನ್ನು ಮಗನತ್ತ ಚಾಚಿದಳು.

ನಿಜವಾಗಿ ಕಾಣದೆ ಬಿಟ್ಟಳೋ, ಬೇಕೆಂದೇ ಬಿಟ್ಟಳೋ, ಯೋಚಿಸಲು ಹೊತ್ತಿರಲಿಲ್ಲ. ಕಾಜಿಮ್ ಗರಿಮಾಳನ್ನು ಎಡಕ್ಕೆಳೆದು ಪಿಸುಗುಟ್ಟಿದ. "ಕೆಳಗಿಳಿ ಬೇಟಿ. ಬೆಳಕು ಕಂಡ ಕಡೆ ಹೋಗ್ಬೇಡ, ಅದೆಲ್ಲ ಬರೀ ಕಿಟಕಿ. ಕತ್ತಲು ಇದ್ದ ಕಡೆಗೇ ಇಳೀತಾ ಹೋಗು." ಅವಳ ಬಳೆಗಳ ಸದ್ದು ಕೆಳಕೆಳಗೆ ಇಳಿದು ನಿಂತುಹೋಯಿತು.

ಅವಧೇಶನಿಗೆ ಗೊತ್ತಾಗಿದ್ದು ಅವನು ಮೂರನೇ ಸಲ ಅದೇ ಕಿಟಕಿಗೆ ಬಂದು ನಿಂತಾಗ. "ಗರಿಮಾ ಎಲ್ಲಿ?" ಎಂದ. ಆಮೇಲೆ ಕೂಗಿದ. ಅವನ ಕೂಗು ಓಣಿ ಓಣಿ ಸುತ್ತಿ ಅವನಿಗೇ ವಾಪಸ್ಸು ಬಂತು. ತಿರುಗಿ ಕಾಜಿಮ್‌ನ ಕೊರಳಪಟ್ಟಿ ಹಿಡಿದ.

"ಏನ್ ಮಾಡ್ದೆ ಅವಳನ್ನ? ನಿಮ್ಮೋರ ಆಟ ನಂಗೊತ್ತಿಲ್ವಾ? ಹೊರಗೆ ನಡಿ, ಪೊಲೀಸ್ ಕರೀತೀನಿ!"

ಕಾಜಿಮ್ ಅವರಿಬ್ಬರನ್ನೂ ಹೊರಗೆ ಕರೆತಂದ. ಹೊರಗೆ, ಒಳಹೋಗುವವರೆಲ್ಲ ಚಪ್ಪಲಿ ಬಿಡುವ ಕಟ್ಟೆಯ ಬಳಿ ಬಂದಾಗಲೇ ಅವನು ನೋಡಿದ್ದು: ಅತ್ತೆಯ ಚಪ್ಪಲಿಯ ಪಕ್ಕದಲ್ಲಿ ಗರಿಮಾಳ ಕೆಂಪು ಪಟ್ಟಿಯ ಚಪ್ಪಲಿ ಹಾಗೇ ಇದೆ. ಇಷ್ಟು ವರ್ಷ ಈ ಕೆಲಸ ಮಾಡಿದವನು ಚಪ್ಪಲಿಯನ್ನೇ ಮರೆತಿದ್ದ. ಹುಡುಗಿ ಸುಡುವ ಬಿಸಿಲಿನಲ್ಲಿ ಬರಿಗಾಲಲ್ಲಿ ಓಡಿದ್ದಳು.

ಅವಧೇಶ್ ಮೊಬೈಲ್ ಕಿವಿಗಿಡುವ ಮೊದಲೇ ರಾಮ್‌ದುಲಾರಿ ಅವನ ಕೈ ಹಿಡಿದಳು.

"ಪೊಲೀಸರಿಗೆ ಏನಂತೀಯ? ಕೂಗಳತೆಯಲ್ಲಿದ್ದ ಹೆಂಡ್ತೀನ ಕಳ್ಕೊಂಡೆ ಅಂತೀಯಾ? ಗೋಂಡಾಕ್ಕೆ ಗೋಂಡಾನೇ ನಗುತ್ತೆ. ಚಪ್ಪಲಿ ನೋಡೋ, ಇಲ್ಲೇ ಬಿದ್ದಿದೆ. ಚಪ್ಪಲಿ ಇಲ್ಲದೆ ಯಾವ ಮನೆ ಸೊಸೆ ಬೀದಿಗಿಳೀತಾಳೆ? ಒಳಗೇ ಇದಾಳೆ, ಹೋಗಿ ಹುಡುಕು. ಈ ಮಿಯಾ ಓಡಿಹೋಗದ ಹಾಗೆ ನಾನಿಲ್ಲಿ ಕಾಯ್ತೀನಿ."

ಅವಧೇಶ್ ಚಪ್ಪಲಿಯನ್ನು ನೋಡಿದ, ಕಾಜಿಮ್‌ನನ್ನು ನೋಡಿದ. ಹಲ್ಲು ಕಡಿಯುತ್ತ ಮೆಟ್ಟಿಲು ಹತ್ತಿದ.

ಮುದುಕಿ ಕಟ್ಟೆಯ ಮೇಲೆ ಕೂತಳು. ಸೊಸೆಯ ಚಪ್ಪಲಿಯನ್ನೆತ್ತಿ ಮಡಿಲಲ್ಲಿಟ್ಟುಕೊಂಡಳು. ಅದರ ಧೂಳನ್ನು ಸೆರಗಿನಿಂದ ಒರೆಸಿದಳು.

"ಬರಿಗಾಲಲ್ಲಿ ಹೋದ್ರೆ," ಎಂದು ಕೇಳಿದಳು ಕೊನೆಗೆ, "ಪರೀಕ್ಷೆಗೆ ಕೂರಿಸ್ತಾರೇನಪ್ಪ?"

ಕಾಜಿಮ್‌ನ ಕಣ್ಣು ತುಂಬಿತು. "ಕೂರಿಸ್ತಾರೆ, ಅಮ್ಮಾಜಿ. ಆದ್ರೆ ಸಂಜೆ ಮಗನಿಗೆ ಏನು ಹೇಳ್ತೀರಿ?"

"ನಾನೇ ಕಳಿಸ್ದೆ ಅಂತೀನಿ."

ಮೇಲಿನ ಕಿಟಕಿಯಿಂದ ಅವಧೇಶನ ದನಿ ಕೇಳಿಸಿತು. "ಅಮ್ಮಾ, ಇಲ್ಲೆಲ್ಲೂ ಇಲ್ಲ!"

ರಾಮ್‌ದುಲಾರಿ ಕತ್ತೆತ್ತಿ, ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದಳು. "ಇನ್ನೂ ಒಳಗೆ ಹೋಗಿ ನೋಡೋ, ಲಲ್ಲಾ!"