ಎಂಟು ಮಂದಿಗೆ ಒಂದು ಗಂಟಲು

"ಅನ್ನ ತಿನ್ನಾಕ ಎಂಟು ಬಾಯಿ ಅದಾವು. ಮಾತಾಡಾಕ ಒಂದ ಗಂಟಲೇನಬೇ, ರಂಡೇರಾ? ಆ ಮಷೀನು ನಿಮ್ಮಪ್ಪಗ ಹುಟ್ಟೈತಿ ಅಂತ ತಿಳಕೊಂಡೀರೇನು, ಮೋಸ ಮಾಡಿದ್ರ ಸುಮ್ಮನಿರಾಕ?"

ನೆಲಮಾಳಿಗೆಯ ಪಂಪುಕೋಣೆಯ ಗೋಡೆಗೆ ಎಂಟು ಹೆಂಗಸರು ಸಾಲಾಗಿ ನಿಂತಿದ್ದರು. ಬೈಯುತ್ತಿದ್ದವನು ಸೂಪರ್‌ವೈಸರ್ ಹುಲಗೇಶ. ಅವನೂ ಅವರಂತೆ ಲಿಂಗಸುಗೂರು ಕಡೆಯವನೇ, ಹಾಗಾಗಿ ಬೈಗುಳಕ್ಕೆ ಯಾರ ತರ್ಜುಮೆಯೂ ಬೇಕಿರಲಿಲ್ಲ. ಅವನಿಗೆ ಬರುವ ಇಂಗ್ಲಿಷು ಮೂರೇ ಮಾತು: ಸರ್, ರಿಪೋರ್ಟ್, ಟರ್ಮಿನೇಟ್. ಅಷ್ಟರಲ್ಲೇ ಅವನು ಸೂಪರ್‌ವೈಸರ್ ಆಗಿದ್ದ. ಪರೀಕ್ಷೆ ಇದ್ದದ್ದು ಕಸಬರಿಗೆ ಹಿಡಿದವರಿಗೆ.

"ಯಾರದಬೇ ಆ ಗಂಟಲು?"

ಗದಿಗೆಮ್ಮ ತನ್ನ ಕಾಲ ಹೆಬ್ಬೆರಳನ್ನು ನೋಡುತ್ತಾ ನಿಂತಳು. ಗಂಟಲು ಅವಳದೇ.

ನೆರೆರಾಜ್ಯದ ದೊಡ್ಡ ಶಹರದಲ್ಲಿ, ಗಚ್ಚಿಬೌಲಿಯ ಆಚೆ ಎದ್ದಿರುವ ಆ ಮೂವತ್ತಂತಸ್ತಿನ ಕಟ್ಟಡದಲ್ಲಿ ಹತ್ತು ರಾಜ್ಯದವರಿದ್ದಾರೆ. ಅವರ ಸಂಘ ಎರಡು ತಿಂಗಳ ಹಿಂದೆ ಒಂದು ಠರಾವು ಮಾಡಿತ್ತು: ನೆಲ ಒರೆಸುವವರೂ ಇಂಗ್ಲಿಷಿನಲ್ಲಿ ಮಾತನಾಡಬೇಕು. ಕಲಿಸಲು ಮೇಷ್ಟ್ರು ಬರಲಿಲ್ಲ. ಪ್ರತಿಯೊಬ್ಬಳ ಕೈಗೂ ಒಂದು ಫೋನು ಬಂತು. ಅದರೊಳಗೆ ಸಕ್ಕರೆಯಂಥ ದನಿಯ ಒಬ್ಬಳು ಕೂತಿದ್ದಳು. ಅವಳು ಹೇಳಿದ್ದನ್ನು ಇವರು ಹೇಳಬೇಕು. ಅವಳು ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತಾಳೆ. ತಿಂಗಳ ಕೊನೆಗೆ ಅರವತ್ತು ಬಾರದಿದ್ದರೆ ಕೆಲಸವಿಲ್ಲ.

ಒಟ್ಟು ನೂರಿಪ್ಪತ್ತು ವಾಕ್ಯ. ಗುಡ್ ಮಾರ್ನಿಂಗ್ ಸರ್. ಈಗಲೇ ಒರೆಸುತ್ತೇನೆ ಮೇಡಂ. ತಪ್ಪು ನನ್ನದೇ ಮೇಡಂ. ಗದಿಗೆಮ್ಮ ಅಷ್ಟನ್ನೂ ಹತ್ತು ದಿನದಲ್ಲಿ ನುಂಗಿದಳು. ಹನ್ನೊಂದನೆಯ ದಿನ ಫೋನಿಗೆ ಬಾಯಿ ಹಚ್ಚಿ ಕನ್ನಡದಲ್ಲೇ ಕೇಳಿದಳು.

"ಯವ್ವಾ, 'ನೀ ಚೆಲ್ಲಿದ್ದನ್ನ ನೀನ ಬಳಕೊ' ಅನ್ನಾದು ಹೆಂಗ?"

ಒಳಗಿನವಳು ವಾರ್ತೆ ಓದುವವರ ಕನ್ನಡದಲ್ಲಿ ಉತ್ತರಿಸಿದಳು: "ಕ್ಷಮಿಸಿ, ಅದು ನಿಮ್ಮ ಪಾಠದಲ್ಲಿ ಇಲ್ಲ. ಅರವತ್ತೆರಡನೆಯ ವಾಕ್ಯವನ್ನು ಮತ್ತೊಮ್ಮೆ ಹೇಳೋಣವೇ?"

ಕಷ್ಟವಾದದ್ದು ಸೂಗಮ್ಮನಿಗೆ. ಐವತ್ತೆಂಟು ವಯಸ್ಸು, ಮುಂದಿನ ಹಲ್ಲು ನಾಲ್ಕಿಲ್ಲ, ಮೆಹದಿಪಟ್ಟಣಂನಲ್ಲಿ ಬಸ್ಸು ಬದಲಿಸುವಾಗಲೂ ಗದಿಗೆಮ್ಮನ ಸೆರಗು ಹಿಡಿದೇ ಇಳಿಯುವವಳು. ಏನು ಹೇಳಿದರೂ ಮಷೀನು ಇಪ್ಪತ್ತು, ಇಪ್ಪತ್ತೆರಡು ಅನ್ನುತ್ತಿತ್ತು. ಒಂದು ದಿನ ಅವಳು ಮಾಪನ್ನು ನೆಲಕ್ಕೆ ಒಗೆದಳು.

"ನನ್ನ ನಾಲಿಗಿ ಹೊಳ್ಳವಲ್ದಬೇ ಗದಿಗಿ. ಈ ತಿಂಗಳಿಗೆ ನನ್ನ ಅನ್ನ ತೀರಿತು."

"ಸುಮ್ಮನಿರು ಅತ್ತಿ. ಹತ್ತಿ ಬಿಡಸಾಕ ಹೋದಾಗ ಏನ ಮಾಡ್ತಿದ್ವಿ? ನೀ ಹಿಂದ ಬಿದ್ರ ನಿನ್ನ ಸಾಲು ನಾ ಹಿಡೀತಿದ್ದಿಲ್ಲ?"

ಅದು ಊರ ಮುಯ್ಯಿ. ಇವತ್ತು ನಿನ್ನ ಸಾಲಿಗೆ ನಾನು, ನಾಳೆ ನನ್ನ ಸಾಲಿಗೆ ನೀನು. ಅಂದಿನಿಂದ ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಎಂಟು ಫೋನೂ ಗದಿಗೆಮ್ಮನ ಮಡಿಲಿಗೆ ಬರುತ್ತಿದ್ದವು. ಅವಳು ಒಂದಾದ ಮೇಲೊಂದರ ಪಾಠ ಹೇಳಿ ಮುಗಿಸುವಷ್ಟರಲ್ಲಿ ಉಳಿದವರು ಅವಳ ಪಾಲಿನ ನಾಲ್ಕು ಅಂತಸ್ತನ್ನು ಒರೆಸಿಬಿಡುತ್ತಿದ್ದರು. ಎಲ್ಲರಿಗೂ ಎಂಬತ್ತರ ಮೇಲೆ ಅಂಕ. ಹಲ್ಲಿಲ್ಲದ ಸೂಗಮ್ಮನಿಗೆ ತೊಂಬತ್ತೊಂದು. ಇದು ಮೋಸವೆಂದು ಯಾರಿಗೂ ಹೊಳೆದಿರಲಿಲ್ಲ. ಸಾಲು ಮುಗಿದರೆ ಸಾಕು, ಯಾರ ಕೈ ಮುಗಿಸಿತೆಂದು ಹತ್ತಿ ಎಂದೂ ಕೇಳಿರಲಿಲ್ಲ. ಈ ಮಷೀನು ಕೇಳಿತು.

ಮಷೀನನ್ನು ತಂದವಳು ಸಂಘದ ಕಾರ್ಯದರ್ಶಿ ಪೂರ್ವಿ, ಹದಿನಾಲ್ಕನೆಯ ಅಂತಸ್ತಿನವಳು, ಮೈಸೂರಿನವಳು. ಅದನ್ನು ಮಾಡಿದ ಕಂಪನಿಯಲ್ಲೇ ಅವಳ ನೌಕರಿ. ಅವಳ ಮಗಳಿಗೆ ಇಂಗ್ಲಿಷ್ ಕಲಿಸಲು ಮಾತ್ರ ವಾರಕ್ಕೆ ಮೂರು ಸಲ ಒಬ್ಬ ಜೀವಂತ ಮುದುಕಿ ಟೀಚರು ಕಾರಿನಲ್ಲಿ ಬರುತ್ತಿದ್ದರು. "ಮಷೀನ್ ಹತ್ರ ಕಲಿತ್ರೆ ಮಕ್ಕಳು ಮಷೀನ್ ಥರಾನೇ ಆಗ್ಬಿಡ್ತಾರೆ ಕಣ್ರೀ. ಮನುಷ್ಯರ ಮುಖ ನೋಡ್ಕೊಂಡು ಕಲೀಬೇಕು," ಎಂದು ಅವಳು ಪಕ್ಕದ ಮನೆಯವಳಿಗೆ ಹೇಳುತ್ತಿದ್ದಾಗ ಗದಿಗೆಮ್ಮ ಅಲ್ಲೇ ಲಿಫ್ಟಿನ ಗುಂಡಿ ಒರೆಸುತ್ತಿದ್ದಳು. ಗುಂಡಿ ಒರೆಸುವವಳಿಗೆ ಕಿವಿ ಇರುತ್ತದೆಂಬುದು ಆ ಕಟ್ಟಡದಲ್ಲಿ ಯಾರ ಲೆಕ್ಕದಲ್ಲೂ ಇರಲಿಲ್ಲ.

ಹುಲಗೇಶ ಎಂಟೂ ಮಂದಿಯನ್ನು ಪಂಪುಕೋಣೆಯಿಂದ ಮೇಲಿನ ಲಾಬಿಗೆ ಹೊಡೆದುಕೊಂಡು ಹೋದ. ಆಫೀಸಿಗೆ ಹೊರಟವರು ಕಾರು ಕಾಯುತ್ತಾ ಸೋಫಾಗಳಲ್ಲಿ ಕೂತಿದ್ದರು. ಕಲ್ಲಿನ ಕೌಂಟರಿನ ಹಿಂದೆ ಪೂರ್ವಿ ನಿಂತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಜಾರಿತ್ತು.

"ನಿಮ್ಮ ಒಳ್ಳೇದಕ್ಕೆ ಅಂತ ತಂದಿದ್ದು ಇದನ್ನ. ಎಂಟು ಜನಕ್ಕೂ ಒಂದೇ ವಾಯ್ಸ್! ನಮ್ಮ ಕಡೆಯವರೇ ಹೀಗೆ ಮಾಡಿದ್ರೆ ನಾನು ಉಳಿದವರಿಗೆ ಹೇಗೆ ಮುಖ ತೋರಿಸ್ಲಿ?" ನಂತರ ಹುಲಗೇಶನ ಕಡೆ ತಿರುಗಿದಳು. "ಬೆಳಗ್ಗೆ ಲಾಕ್ ಹಾಕ್ಸಿದೀನಿ. ಪಾಠ ಶುರು ಮಾಡಿದ್ಮೇಲೆ ಯಾರ ಫೋನೋ ಅವರ ದನಿಯಲ್ಲೇ ಸರಿಯಾದ ಉತ್ತರ ಬರೋವರೆಗೂ ಅದು ನಿಲ್ಲಲ್ಲ. ಆಫ್ ಕೂಡ ಆಗಲ್ಲ. ಮೊದಲು ಈ ಅಜ್ಜಿ ಬರ್ಲಿ. ನೈಂಟಿ ಒನ್ ಅಲ್ವಾ ಇವರು?"

ಸೋಫಾದಲ್ಲಿ ಯಾರೋ ನಕ್ಕರು.

ಸೂಗಮ್ಮ ಫೋನಿನ ಮುಂದೆ ಬಾಗಿದಳು. ಒಳಗಿನವಳು ಹೇಳಿದಳು: "ಸಾರಿ ಮೇಡಂ, ಇಟ್ ಈಸ್ ಮೈ ಮಿಸ್ಟೇಕ್."

"ಸಾರ್... ಸಾರ್ ಮೇಡಂ..."

"ಹದಿನೆಂಟು ಅಂಕ. ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ."

"ಜೋರಾಗಿ ಹೇಳಬೇ ಮುದುಕಿ!" ಎಂದ ಹುಲಗೇಶ.

ಆರು ಸಲ ಹೇಳಿಸಿದರು. ತಾನು ಮಾಡದ ತಪ್ಪನ್ನು ತನಗೆ ತಿಳಿಯದ ಮಾತಿನಲ್ಲಿ ಒಪ್ಪಿಕೊಳ್ಳಲು ಸೂಗಮ್ಮ ಆರು ಸಲ ಒದ್ದಾಡಿದಳು. ಆರನೆಯ ಸಲ ಜೊಲ್ಲು ಗಲ್ಲಕ್ಕಿಳಿಯಿತು. ಸೆರಗಿನಿಂದ ಒರೆಸಿಕೊಳ್ಳುವ ಮೊದಲು, ರೂಢಿಯಂತೆ, ಕಲ್ಲಿನ ಮೇಲೆ ಬಿದ್ದ ಹನಿಯನ್ನು ಒರೆಸಿದಳು.

"ಮೇಡಂ," ಎಂದಳು ಗದಿಗೆಮ್ಮ, "ಅತ್ತೀನ್ನ ಬಿಡ್ರಿ. ಆ ದನಿ ನಂದು."

ಪೂರ್ವಿಯ ಮುಖ ಅರಳಿತು. "ಅಯ್ಯೋ, ನೀವಾ? ಎಷ್ಟು ಚೆನ್ನಾಗಿ ಮಾತಾಡ್ತೀರಾ ಗೊತ್ತಾ? ನೋಡಿ ಗದಿಗೆಮ್ಮ, ನೀವು ಬೇಸ್‌ಮೆಂಟಲ್ಲಿ ಇರೋರೇ ಅಲ್ಲ. ನಾಳೆಯಿಂದ ಲಾಬಿ ಡ್ಯೂಟಿ ಮಾಡಿ, ಹೊಸ ಯೂನಿಫಾರ್ಮು. ಬರೋ ಹೊಸ ಏಳು ಜನಕ್ಕೆ ನೀವೇ ಲೀಡರ್. ಈ ಏಳು ಜನಾನೇ ನನ್ನ ಕೈಲಿ ಬಲವಂತವಾಗಿ ಹೇಳಿಸಿದ್ರು ಅಂತ ಒಂದು ಲೆಟರ್ ಕೊಟ್ರೆ ಸಾಕು."

"ಅತ್ತಿ?"

"ಅವರಿಗೂ ರೆಸ್ಟ್ ಬೇಕಲ್ವಾ ಈ ವಯಸ್ಸಲ್ಲಿ?"

ಹುಲಗೇಶ ಗದಿಗೆಮ್ಮನ ಕಿವಿಯ ಬಳಿ ಬಂದು ಹಲ್ಲು ಕಚ್ಚಿದ. "ಹೂಂ ಅನ್ನಬೇ. ನಾಯಿಗಿ ಪಲ್ಲಕ್ಕಿ ಬಂದೈತಿ. ಮೇಲ ಮತ್ತ ನನ್ನ ಹೆಸರೂ ಕೆಡಸಬ್ಯಾಡ."

"ಪಲ್ಲಕ್ಕಿ ನೀನ ಹತ್ತೋ ಬಾಡ್ಯಾ. ಹೊರಾಕ ನಾಕು ಮಂದಿ ನಿನ್ನಂಥೋರು ಸಿಗ್ತಾರ."

ಗದಿಗೆಮ್ಮ ತನ್ನ ಫೋನು ತೆಗೆದು ಪಾಠ ಒತ್ತಿ, ದನಿ ಪೂರ್ತಿ ಏರಿಸಿ, ಸೂಗಮ್ಮನ ಫೋನಿನ ಪಕ್ಕಕ್ಕಿಟ್ಟಳು. ಎರಡು ಹೆಜ್ಜೆ ಹಿಂದೆ ಸರಿದು ಬಾಯಿ ಮುಚ್ಚಿ ನಿಂತಳು.

"ನಿಮ್ಮ ದನಿ ಕೇಳಿಸುತ್ತಿಲ್ಲ," ಎಂದಿತು ಫೋನು. "ದಯವಿಟ್ಟು ಹತ್ತಿರ ಬಂದು ಮಾತನಾಡಿ."

ಉಳಿದವರ ನಡುವಿನಿಂದ ಶಿವದೇವಿ ಮುಂದೆ ಬಂದು ತನ್ನದನ್ನಿಟ್ಟಳು. ಪಾರ್ವತಿಬಾಯಿ ಇಟ್ಟಳು. ಹತ್ತಿ ಹೊಲದ ಸಾಲಿನಂತೆ ಒಬ್ಬಳ ಹಿಂದೆ ಒಬ್ಬಳು. ಕೌಂಟರಿನ ಮೇಲೆ ಎಂಟು ಫೋನು, ಎಂಟರೊಳಗೂ ಅದೇ ಸಕ್ಕರೆ ದನಿ. ಒಂದು ನಿಲ್ಲುವಲ್ಲಿ ಇನ್ನೊಂದು ಹಿಡಿದು ಲಾಬಿಯೆಲ್ಲ ಗೋಗರೆಯತೊಡಗಿತು: ಕೇಳಿಸುತ್ತಿಲ್ಲ, ಹತ್ತಿರ ಬನ್ನಿ, ಮಾತನಾಡಿ. ಸೋಫಾದವರು ಕಿವಿ ಮುಚ್ಚಿಕೊಂಡು ಎದ್ದರು.

"ಈಗ ಎಣಸ್ರಿ ಮೇಡಂ," ಎಂದಳು ಗದಿಗೆಮ್ಮ. "ಎಂಟು ಮಂದಿಗೆ ಎಷ್ಟು ಗಂಟಲು ಅದಾವು ಅಂತ."

ಸೂಗಮ್ಮನ ಕೈ ಹಿಡಿದು ಅವಳು ಮುಂಬಾಗಿಲ ಕಡೆ ನಡೆದಳು. ಎರಡು ವರ್ಷ ದಿನಾ ಗಾಜು ಒರೆಸಿದ್ದರೂ ಆ ಬಾಗಿಲಿನಿಂದ ಅವರು ಒಮ್ಮೆಯೂ ಹೊರಗೆ ಹೋದವರಲ್ಲ. ಉಳಿದ ಆರು ಮಂದಿ ಹಿಂದೆ ಬಂದರು. ಯಾರೂ ಹಿಂತಿರುಗಿ ನೋಡಲಿಲ್ಲ.

"ನಿಲ್ಸಿ ಇದನ್ನ! ಏನಾದ್ರೂ ಮಾಡಿ!" ಪೂರ್ವಿ ಕಿರುಚಿದಳು.

ಹುಲಗೇಶ ಗುಂಡಿಗಳನ್ನು ಒತ್ತಿದ, ಫೋನನ್ನು ಕುಟ್ಟಿದ. ಕೊನೆಗೆ ಅತ್ತಿತ್ತ ನೋಡಿ, ಕಲ್ಲಿನ ಮೇಲೆ ಬಾಗಿ, ಆದಷ್ಟು ಹೆಣ್ಣು ದನಿ ತೆಗೆದು, ಸೂಗಮ್ಮನ ಫೋನಿಗೆ ಹೇಳಿದ:

"ಸಾರಿ ಮೇಡಂ, ಇಟ್ ಈಸ್ ಮೈ ಮಿಸ್ಟೇಕ್."

"ಹನ್ನೊಂದು ಅಂಕ," ಎಂದಿತು ಫೋನು. "ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ."